ಕಲ್ಲಿಗೆ ತಕ್ಕ ಬ್ಲೇಡ್, ಗೋಡೆಗೆ ತಕ್ಕ ಬಿಟ್

ಹುಬ್ಬಳ್ಳಿಯ ಗೋಪನಕೊಪ್ಪದ ಯಾವುದಾದರೂ ಹೊಸ ಬಡಾವಣೆಯ ಕಡೆ ನಡೆದರೆ ಗ್ರೈಂಡರಿನ ಕೀರಲು ದನಿ ಕಿವಿಗೆ ಬೀಳದೆ ಇರುವುದಿಲ್ಲ. ನೀವು ಅಲ್ಲಿ ಮನೆ ಕಟ್ಟಿಸುತ್ತಿರಬಹುದು, ಗೌಂಡಿ ಕೆಲಸ ಕಲಿಯಲು ಈಗಷ್ಟೇ ಸೇರಿರಬಹುದು, ಇಲ್ಲವೆ ಡ್ರಿಲ್ ಒಂದನ್ನು ತಂದು ಗೋಡೆಗೆ ಕಪಾಟು ಹಾಕಬೇಕೆಂದಿರಬಹುದು. ಯಾರೇ ಆಗಿರಿ, ಒಂದು ಮಾತು ಮೊದಲು ತಿಳಿದಿರಲಿ: ಯಂತ್ರ ಮಾಡುವುದು ಎರಡೇ ಕೆಲಸ, ತಿರುಗಿಸುವುದು ಮತ್ತು ಕುಟ್ಟುವುದು. ಕಲ್ಲನ್ನು, ಕಬ್ಬಿಣವನ್ನು, ಕಟ್ಟಿಗೆಯನ್ನು ಮುಟ್ಟುವುದು ಅದರ ತುದಿಗೆ ಸಿಕ್ಕಿಸಿದ ಸಣ್ಣ ಸಾಮಾನು. ತೂತು ಕೊರೆಯುವ ಸಾಮಾನಿಗೆ ಬಿಟ್ ಎನ್ನುತ್ತಾರೆ. ಕೊಯ್ಯುವ, ಉಜ್ಜುವ ದುಂಡನೆಯ ತಟ್ಟೆಗೆ ಬ್ಲೇಡ್ ಅಥವಾ ಡಿಸ್ಕ್ ಎನ್ನುತ್ತಾರೆ. ಯಂತ್ರ ಕೊಳ್ಳಲು ಹತ್ತು ಅಂಗಡಿ ತಿರುಗುವವರು ಇವನ್ನು ಮಾತ್ರ ‘ಯಾವುದೋ ಒಂದು ಕೊಡ್ರಿ’ ಎಂದು ತಂದುಬಿಡುತ್ತಾರೆ. ಸಾಧಾರಣ ಯಂತ್ರಕ್ಕೆ ಒಳ್ಳೆಯ ಬಿಟ್ ಹಾಕಿದರೆ ಕೆಲಸ ನಡೆಯುತ್ತದೆ. ಒಳ್ಳೆಯ ಯಂತ್ರಕ್ಕೆ ತಪ್ಪು ಬಿಟ್ ಹಾಕಿದರೆ ಹೊಗೆ ಬರುತ್ತದೆ.

ಹಾಗಾದರೆ ಆರಿಸುವುದು ಹೇಗೆ? ಎದುರಿಗಿರುವ ವಸ್ತುವಿನಿಂದಲೇ ಶುರು ಮಾಡಿ. ಹುಬ್ಬಳ್ಳಿ ಸುತ್ತಲಿನ ಎರೆಮಣ್ಣು ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುವ ಜಾತಿಯದು. ಇಂಥ ನೆಲದ ಮೇಲಿನ ಈಗಿನ ಮನೆಗಳಲ್ಲಿ ಭಾರವನ್ನು ಸಾಮಾನ್ಯವಾಗಿ ಕಾಂಕ್ರೀಟ್ ಕಾಲಂಗಳೇ ಹೊರುತ್ತವೆ. ಅವುಗಳ ನಡುವೆ ಇಟ್ಟಿಗೆಯನ್ನೋ ಸಿಮೆಂಟ್ ಬ್ಲಾಕನ್ನೋ ಕಟ್ಟಿ, ಮೇಲೆ ಗಿಲಾವು, ಅಂದರೆ ಪ್ಲಾಸ್ಟರ್, ಮಾಡಿರುತ್ತಾರೆ. ಬಣ್ಣ ಹಚ್ಚಿದ ಮೇಲೆ ಕಣ್ಣಿಗೆ ಎಲ್ಲವೂ ಒಂದೇ ಗೋಡೆ. ಆದರೆ ಒಂದು ಗೇಣು ಆಚೀಚೆ ಸರಿದರೂ ಬಿಟ್‌ಗೆ ಬೇರೆಯದೇ ವಸ್ತು ಎದುರಾಗಬಹುದು.

ವಸ್ತುಗಳ ಗಡಸುತನವನ್ನು ಅಳೆಯಲು ಒಂದು ಸರಳ ಕ್ರಮವಿದೆ. ಯಾವುದು ಯಾವುದರ ಮೇಲೆ ಗೀರು ಎಳೆಯಬಲ್ಲದು ಎಂದು ನೋಡಿ, ಫ್ರೆಡ್ರಿಕ್ ಮೋಸ್ ಎಂಬ ಜರ್ಮನ್ ಖನಿಜತಜ್ಞ 1812ರಲ್ಲಿ ಹತ್ತು ಮೆಟ್ಟಿಲುಗಳ ಶ್ರೇಣಿ ಮಾಡಿದ. ಕೆಳಗಿನ ಮೆಟ್ಟಿಲಲ್ಲಿ ಟಾಲ್ಕ್, ಮೇಲಿನ ಹತ್ತನೆಯದರಲ್ಲಿ ವಜ್ರ. ನೆಲಕ್ಕೆ ಹಾಸುವ ಶಹಾಬಾದ್ ಪರಸಿ ಸುಣ್ಣದಕಲ್ಲು. ಅದರ ಮುಖ್ಯ ಖನಿಜ ಕ್ಯಾಲ್ಸೈಟ್ 3ನೇ ಮೆಟ್ಟಿಲಿನದು. ಇಳಕಲ್ಲಿನ ಗ್ರಾನೈಟಿನಲ್ಲಿರುವ ಫೆಲ್ಡ್‌ಸ್ಪಾರ್ 6, ಕ್ವಾರ್ಟ್ಜ್ 7. ನಾವು ಬಳಸುವ ಉಸುಕಿನಲ್ಲೂ ಕ್ವಾರ್ಟ್ಜ್ ಕಣಗಳೇ ಹೆಚ್ಚು. ಗಟ್ಟಿಗೊಳಿಸಿದ ಉಕ್ಕು ಕೂಡ ಈ ಉಸುಕಿನ ಎದುರು ಬಹಳ ಹೊತ್ತು ನಿಲ್ಲಲಾರದು. ಕಬ್ಬಿಣ ಕೊರೆಯುವ ಬಿಟ್‌ನಿಂದ ಗೋಡೆ ಕೊರೆದರೆ ಅದು ಮೊಂಡಾಗುವುದು ಇದಕ್ಕೇ.

ಗೋಡೆಯ ಬಿಟ್‌ನ ತುದಿಯನ್ನು ಹತ್ತಿರದಿಂದ ನೋಡಿ. ಅಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಎಂಬ ವಸ್ತುವಿನ ಚಿಕ್ಕ ತುಂಡೊಂದನ್ನು ಬೆಸೆದಿರುತ್ತಾರೆ. ಅದರ ಗಡಸುತನ 9ರ ಆಸುಪಾಸು. ತುದಿ ಹರಿತವಾಗಿಲ್ಲವಲ್ಲ ಎಂದು ನೀವು ಅಂಗಡಿಯವರನ್ನು ಕೇಳಬಹುದು. ಅದರ ಕೆಲಸ ಜಜ್ಜಿ ಪುಡಿಮಾಡುವುದು, ಹಾಗಾಗಿ ಹರಿತ ಬೇಕಿಲ್ಲ. ಡ್ರಿಲ್‌ನಲ್ಲಿ ಸುತ್ತಿಗೆಯ ಗುರುತಿರುವ ಗುಂಡಿ ಕುಟ್ಟುವ ಕ್ರಿಯೆಯನ್ನು ಚಾಲೂ ಮಾಡುತ್ತದೆ. ಕಾಂಕ್ರೀಟಿಗೆ ಅದು ಬೇಕೇ ಬೇಕು. ಟೊಳ್ಳು ಬ್ಲಾಕಿಗೆ ಬೇಡ, ಒಳಗಿನ ತೆಳು ಗೋಡೆ ಒಡೆದುಹೋಗುತ್ತದೆ. ಕಬ್ಬಿಣ ಮತ್ತು ಕಟ್ಟಿಗೆಗಂತೂ ಅದನ್ನು ಬಂದ್ ಮಾಡಲೇಬೇಕು. ಕಟ್ಟಿಗೆಯ ಬಿಟ್‌ಗೆ ನಡುವೆ ಮೊಳೆಯಂಥ ಮೊನೆ ಇರುತ್ತದೆ. ಅಷ್ಟು ಗುರುತು ಸಾಕು.

ದೊಡ್ಡ ಹ್ಯಾಮರ್ ಯಂತ್ರಗಳಿಗೆ ಎಸ್‌ಡಿಎಸ್ ಬಿಟ್ ಬೇಕು. ಇದರ ಹಿಂತುದಿಯಲ್ಲಿ ಉದ್ದುದ್ದ ತೋಡುಗಳನ್ನು ಕೊರೆದಿರುತ್ತಾರೆ. ಬಿಟ್ ಯಂತ್ರದೊಳಗೆ ಸಿಕ್ಕಿಕೊಂಡೂ ಹಿಂದೆಮುಂದೆ ಆಡಬಲ್ಲದು, ಹೀಗಾಗಿ ಪೆಟ್ಟೆಲ್ಲ ಗೋಡೆಗೇ ಮುಟ್ಟುತ್ತದೆ. ಎಸ್‌ಡಿಎಸ್ ಪ್ಲಸ್‌ನ ಹಿಂತುದಿ 10 ಮಿ.ಮೀ., ಎಸ್‌ಡಿಎಸ್ ಮ್ಯಾಕ್ಸ್‌ನದು 18 ಮಿ.ಮೀ. ದಪ್ಪ. ಒಂದರ ಯಂತ್ರಕ್ಕೆ ಇನ್ನೊಂದು ಕೂರುವುದಿಲ್ಲ.

ಕಪಾಟು ಹಾಕುವವರಿಗೆ ಇನ್ನೆರಡು ಮಾತು. 6 ಮಿ.ಮೀ. ಪ್ಲಾಸ್ಟಿಕ್ ಪ್ಲಗ್‌ಗೆ 6 ಮಿ.ಮೀ. ಬಿಟ್ಟೇ ಸರಿ. ಪ್ಲಗ್ ಗಿಲಾವನ್ನು ದಾಟಿ ಇಟ್ಟಿಗೆಯೊಳಗೆ ಕೂರುವಷ್ಟು ಆಳ ಕೊರೆಯಿರಿ, ಪುಡಿಯನ್ನು ತೆಗೆದು ಆಮೇಲೆ ಪ್ಲಗ್ ಹೊಡೆಯಿರಿ. ನಡುವೆ ಬಿಟ್ ಥಟ್ಟನೆ ನಿಂತರೆ ಕಾಲಂನೊಳಗಿನ ರಾಡ್ ತಾಗಿದೆ ಎಂದು ತಿಳಿದು ತೂತಿನ ಜಾಗ ಬದಲಿಸಿ. ಅಲ್ಲಿ ಬಲ ಹಾಕುವುದು ಯಂತ್ರಕ್ಕೂ ಮಣಿಕಟ್ಟಿಗೂ ಕೇಡು.

ಈಗ ನನಗೆ ಬಲು ಇಷ್ಟವಾದ ವಿಷಯಕ್ಕೆ ಬರೋಣ: ವಜ್ರದ ಬ್ಲೇಡ್. ಉಕ್ಕಿನ ತಟ್ಟೆಯೊಂದರ ಅಂಚಿಗೆ ವಜ್ರದ ಕಣಗಳನ್ನು ಲೋಹದ ಪುಡಿಯೊಂದಿಗೆ ಕಲಸಿ ಬೇಯಿಸಿ ಅಂಟಿಸಿದ್ದು ಇದು. ಕಣಗಳನ್ನು ಹಿಡಿದಿಟ್ಟಿರುವ ಲೋಹಕ್ಕೆ ಬಾಂಡ್ ಎಂದು ಹೆಸರು. ಕೊಯ್ಯುವುದು ವಜ್ರ, ಆದರೆ ಮೇಲಿನ ಕಣ ಮೊಂಡಾಗಿ ಉದುರಿದಾಗ ಬಾಂಡ್ ಕೂಡ ಸವೆದು ಒಳಗಿನ ಹೊಸ ಕಣಕ್ಕೆ ದಾರಿ ಬಿಡಬೇಕು. ಇಲ್ಲಿಂದ ಒಂದು ತಲೆಕೆಳಗಾದ ಲೆಕ್ಕ ಹುಟ್ಟುತ್ತದೆ. ಗ್ರಾನೈಟಿನಂಥ ಗಡಸು ಕಲ್ಲಿನ ಧೂಳು ನಯವಾಗಿದ್ದು ಬಾಂಡನ್ನು ಅಷ್ಟಾಗಿ ಸವೆಸುವುದಿಲ್ಲ, ಆದ್ದರಿಂದ ಗಡಸು ಕಲ್ಲಿಗೆ ಮೆತ್ತನೆಯ ಬಾಂಡ್ ಬೇಕು. ಬ್ಲಾಕು, ಇಟ್ಟಿಗೆ, ಹಸಿ ಗಿಲಾವಿನ ಉಸುಕು ಬಾಂಡನ್ನು ಉಜ್ಜಿ ಉಜ್ಜಿ ತಿನ್ನುತ್ತದೆ, ಆದ್ದರಿಂದ ಅಲ್ಲಿ ಗಡಸು ಬಾಂಡ್ ಬೇಕು. ಬ್ಲಾಕಿಗೆಂದು ಮಾಡಿದ ಬ್ಲೇಡನ್ನು ಗ್ರಾನೈಟಿಗೆ ಹಿಡಿದರೆ ಸ್ವಲ್ಪ ಹೊತ್ತು ಕೊಯ್ದು, ಆಮೇಲೆ ಬರೀ ಕಿರುಚುತ್ತದೆ. ಅದರೊಳಗೆ ವಜ್ರ ಖಾಲಿಯಾಗಿರುವುದಿಲ್ಲ, ಬಾಂಡ್ ನುಣುಪಾಗಿ ಹೊಳೆದು ವಜ್ರವನ್ನು ಮುಚ್ಚಿರುತ್ತದೆ. ಬ್ಲೇಡ್ ಸತ್ತಿತು ಎಂದು ಎಸೆಯಬೇಡಿ. ನುಣುಪಾದ ಬೀಸುಕಲ್ಲಿಗೆ ಉಳಿಯಿಂದ ಮತ್ತೆ ಕಚ್ಚು ಹೊಡೆಸುತ್ತಿದ್ದರಲ್ಲ, ಹಾಗೆಯೇ ಒರಟು ಬ್ಲಾಕಿನ ತುಂಡಿನಲ್ಲಿ ನಾಲ್ಕಾರು ಗೀರು ಕೊಯ್ಯಿರಿ. ಬಾಂಡ್ ಸವೆದು ವಜ್ರ ಮೇಲೇಳುತ್ತದೆ.

ಅಂಚಿನ ಆಕಾರವೂ ಕೆಲಸವನ್ನು ಹೇಳುತ್ತದೆ. ನಡುನಡುವೆ ಸೀಳು ಇರುವುದು ಕಾಂಕ್ರೀಟು, ಬ್ಲಾಕಿಗೆ. ಸೀಳಿನಲ್ಲಿ ಗಾಳಿಯಾಡಿ ಬಿಸಿ ತಣಿಯುತ್ತದೆ. ಸೀಳಿಲ್ಲದ ನುಣುಪು ಅಂಚು ಟೈಲ್ಸಿಗೆ, ತುದಿ ಚೂರಾಗದಂತೆ. ಬ್ಲೇಡಿನ ಮೇಲಿನ ಬಾಣದ ಗುರುತು ಯಂತ್ರ ತಿರುಗುವ ದಿಕ್ಕಿಗೇ ಇರಲಿ.

ರಾಡ್ ಕೊಯ್ಯುವ ಡಿಸ್ಕ್ ಬೇರೆಯೇ ಜಾತಿ. ಅದು ಒರಟು ಕಣ, ಅಂಟು, ಬಲೆಬಟ್ಟೆ ಸೇರಿಸಿ ಒತ್ತಿದ್ದು. ತೆಳ್ಳಗಿನದು ಕೊಯ್ಯಲು, ದಪ್ಪನೆಯದು ಉಜ್ಜಲು; ತೆಳುವಾದುದರ ಮಗ್ಗುಲಲ್ಲಿ ಉಜ್ಜಿದರೆ ಅದು ಸಿಡಿಯುತ್ತದೆ. ಡಿಸ್ಕಿನ ಮೇಲೆ ಒಂದು ವೇಗ ಬರೆದಿರುತ್ತದೆ, ಅದನ್ನು ಮೀರಬಾರದು. ಏಕೆಂದು ಲೆಕ್ಕ ಹಾಕೋಣ. ನಿಮಿಷಕ್ಕೆ 11,000 ಸುತ್ತು ಹೊಡೆಯುವ ನಾಲ್ಕಿಂಚಿನ ಗ್ರೈಂಡರಿನಲ್ಲಿ ಡಿಸ್ಕಿನ ಅಂಚು ಸೆಕೆಂಡಿಗೆ ಸುಮಾರು 58 ಮೀಟರ್, ಅಂದರೆ ಗಂಟೆಗೆ 200 ಕಿ.ಮೀ.ಗೂ ಮಿಕ್ಕಿ ಓಡುತ್ತದೆ. ಇಂಥ ಡಿಸ್ಕುಗಳಿಗೆ ಸಾಮಾನ್ಯ ಮಿತಿ ಸೆಕೆಂಡಿಗೆ 80 ಮೀಟರ್. ಮುಂದಿನ ಕಬ್ಬಿಣದ ಕವಚ ಕಿತ್ತು ಅದೇ ಯಂತ್ರಕ್ಕೆ ಏಳಿಂಚಿನ ಡಿಸ್ಕ್ ಹಾಕಿದರೆ ವೇಗ 100 ಮೀಟರ್ ದಾಟುತ್ತದೆ. ಹೀಗೆ ಮಾಡುವವರನ್ನು ಕಂಡರೆ ದೂರ ನಿಲ್ಲಿ. ಅಂಟು ಹಳತಾದರೂ ಬಲ ಕುಗ್ಗುತ್ತದೆ. ಅನೇಕ ಡಿಸ್ಕುಗಳ ನಡುವಿನ ಲೋಹದ ಉಂಗುರದ ಮೇಲೆ ಯಾವ ತಿಂಗಳವರೆಗೆ ಬಳಸಬಹುದೆಂದು ಅಚ್ಚಾಗಿರುತ್ತದೆ, ಓದಿ ನೋಡಿ.

ಬ್ಲೇಡ್ ಬದಲಿಸುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಕಣ್ಣಿಗೆ ಕನ್ನಡಕ ಬೇಕು, ಹೆಗಲ ಟವೆಲ್ ಬೇಡ. ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಕ್ವಾರ್ಟ್ಜಿನ ಸಣ್ಣ ಧೂಳು ನಿಲ್ಲುವುದಿಲ್ಲ. ಅದು ವರ್ಷಗಳ ಕಾಲ ಒಳಹೋದರೆ ಸಿಲಿಕೋಸಿಸ್ ಎಂಬ, ವಾಸಿಯಾಗದ ಶ್ವಾಸಕೋಶದ ರೋಗ ತರುತ್ತದೆ. ಎನ್95 ಮಾಸ್ಕ್ ಹಾಕಿಕೊಳ್ಳಿ. ನೀರು ಬಿಟ್ಟು ಕೊಯ್ಯಲೆಂದೇ ಮಾಡಿದ ಕಟರ್ ಇದ್ದರೆ ನೀರಿನಲ್ಲೇ ಕೊಯ್ಯಿರಿ. ಸಾಮಾನ್ಯ ಗ್ರೈಂಡರಿಗೆ ಮಾತ್ರ ನೀರು ಸುರಿಯಬೇಡಿ, ಕರೆಂಟ್ ಹೊಡೆಯುತ್ತದೆ.

ಅಂಗಡಿಗೆ ಹೋದಾಗ ಅಳತೆಗಿಂತ ಮೊದಲು ವಸ್ತುವಿನ ಹೆಸರು ಹೇಳಿ: ‘ಅಣ್ಣಾರ, ಶಹಾಬಾದ್ ಪರಸಿ ಕೊಯ್ಯಾಕ ಬ್ಲೇಡ್ ಬೇಕಾಗಿತ್ರಿ.’ ಆಮೇಲೆ ಯಂತ್ರ ಯಾವುದು, ಎಷ್ಟು ಇಂಚಿನದು ಎಂದು ತಿಳಿಸಿ. ನಡುವಿನ ತೂತನ್ನೂ ಮರೆಯದೆ ನೋಡಿ. ನಾಲ್ಕಿಂಚಿನ ಗ್ರೈಂಡರಿನ ಡಿಸ್ಕಿಗೆ ಅದು ಸಾಮಾನ್ಯವಾಗಿ 16 ಮಿ.ಮೀ., ಮಾರ್ಬಲ್ ಕಟರಿನ ಬ್ಲೇಡಿಗೆ 20 ಮಿ.ಮೀ. ತೂತು ದೊಡ್ಡದಾಗಿ ಬ್ಲೇಡ್ ಅಲುಗಾಡಿದರೆ ನಟ್ ಬಿಗಿದು ನಡೆಸಲು ಹೋಗಬೇಡಿ, ವಾಪಸ್ ಕೊಟ್ಟು ಸರಿಯಾದದ್ದನ್ನು ತನ್ನಿ.