ತಡೆದ ಕಣ್ಣೀರು, ನೋಯುವ ದೇಹ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಹಳ್ಳಿಗಳಿಂದ ತಲೆನೋವು, ಎದೆಭಾರ, ನಿದ್ರಾನಾಶವೆಂದು ಬರುವ ಕೆಲವರ ತಪಾಸಣೆಯಲ್ಲಿ ಯಾವ ದೋಷವೂ ನಮಗೆ ಕಾಣುವುದಿಲ್ಲ. ಆದರೂ ಅವರ ನೋವು ಸೋಗಲ್ಲ.

ಚರಕಸಂಹಿತೆಯು ತಡೆಯಬಾರದ 13 ವೇಗಗಳಲ್ಲಿ ಕಣ್ಣೀರನ್ನೂ ಎಣಿಸಿದೆ. ತಡೆದರೆ ಹೃದ್ರೋಗ, ಅರುಚಿ, ತಲೆಸುತ್ತು ಉಂಟಾಗುತ್ತವೆಂದು ಹೇಳಿದೆ. ಅದುಮಿಟ್ಟ ಭಾವನೆಯು ದೇಹದ ಬೇನೆಯಾಗಿ ಹೊರಬೀಳಬಲ್ಲದೆಂದು ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್ (1856–1939) ಅವರೂ ಪ್ರತಿಪಾದಿಸಿದರು.

ಈ ತಿಳಿವನ್ನು ರೋಗಿಯ ಮನೆಯ ಪರಿಸ್ಥಿತಿಯೊಡನೆ ಕೂಡಿಸಿ ನೋಡುವವರು ಮನೋವೈದ್ಯಕೀಯ ಸಮಾಜಕಾರ್ಯಕರ್ತರು. ಸಾಲ, ಸಾವು, ಅತ್ತೆ-ಸೊಸೆಯರ ಮುನಿಸು ಎಲ್ಲವನ್ನೂ ಅವರು ಕೇಳುತ್ತಾರೆ. ತಂದೆಯ ಮೇಲಿನ ಹಳೆಯ ಸಿಟ್ಟನ್ನು ರೋಗಿಯು ಕೇಳುವವರ ಮೇಲೆಯೇ ಕಾರುವುದುಂಟು. ಅದನ್ನು ಅವಮಾನವೆಂದು ತಿಳಿಯದೆ, ಒಳನೋವಿನ ಸುಳಿವೆಂದು ಗ್ರಹಿಸುವುದನ್ನು ಗುರುಗಳು ಈ ವಿದ್ಯೆಯ ವಿದ್ಯಾರ್ಥಿಗಳಿಗೆ ಕಲಿಸುತ್ತಾರೆ.

ಭಕ್ತರು ಮಾಡಬೇಕಾದುದಿಷ್ಟು: ಮೊದಲು ದೇಹದ ತಪಾಸಣೆ ಮಾಡಿಸಿರಿ. ಬಳಿಕ ಬುದ್ಧಿ ಹೇಳದೆ ಕೇಳಿರಿ, ಅಳುವವರನ್ನು ಅಳಗೊಡಿರಿ. ಸಾಯುವ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿರಿ. ಕೀಟನಾಶಕವನ್ನು ಕೈಗೆಟುಕದಂತೆ ಇಡಿರಿ. ಧಾರವಾಡದ ಡಿಮ್ಹಾನ್ಸ್‌ಗೆ ಕರೆದೊಯ್ಯಿರಿ. ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಮನಸ್ಸಿನ ಬೇನೆಯು ಮರ್ಯಾದೆಗೇಡಲ್ಲ. ಮುಚ್ಚಿಟ್ಟರೆ ಅದು ಬಲಿಯುತ್ತದೆ.