ಮೊದಲ ಪುಟ ಯಾವುದು? ‘ತ್ರೀ ಬಾಡಿ ಪ್ರಾಬ್ಲಮ್’ ಓದಿದವರು ಹೇಳಿದ್ದು

ಗುರುತ್ವಾಕರ್ಷಣೆಯ ಪಾಠ ಮುಗಿಸಿದ ವಿಜ್ಞಾನ ವಿದ್ಯಾರ್ಥಿಗಳಿಗೆ ಗೊತ್ತು: ಒಬ್ಬ ಸೂರ್ಯ, ಒಂದು ಗ್ರಹ, ಇವೆರಡೇ ಇದ್ದರೆ ಲೆಕ್ಕ ಸುಲಭ. ಗ್ರಹ ದೀರ್ಘವೃತ್ತದಲ್ಲಿ ಸುತ್ತುತ್ತದೆ. ನೂರು ವರ್ಷದ ನಂತರ ಅದು ಎಲ್ಲಿರುತ್ತದೆಂದು ಇಂದೇ ಹೇಳಬಹುದು. ಒಂದನ್ನೊಂದು ಎಳೆಯುವ ಮೂರು ಕಾಯಗಳಿದ್ದರೆ ಮಾತ್ರ ಕಥೆ ಬೇರೆ. ಎಲ್ಲ ಸಂದರ್ಭಕ್ಕೂ ಹೊಂದುವ ಒಂದು ಸರಳ ಸೂತ್ರ ಅಲ್ಲಿ ಸಿಗುವುದಿಲ್ಲ. ಆರಂಭದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಮುಂದಿನ ದಾರಿ ಪೂರ್ತಿ ಬದಲಾಗಬಹುದು ಎಂಬುದನ್ನು 19ನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಗಣಿತಜ್ಞ ಹೆನ್ರಿ ಪ್ವಾಂಕರೆ ಕಂಡುಕೊಂಡರು. ಮೂರು ಕಾಯಗಳ ಈ ಸಮಸ್ಯೆಯ ಹೆಸರನ್ನೇ ಚೀನಾದ ಲೇಖಕ ಲಿಯು ತ್ಸಿಶಿನ್ ತಮ್ಮ ಕಾದಂಬರಿಗೆ ಇಟ್ಟರು.

ಲಿಯು ದೊಡ್ಡ ನಗರದ ಸಾಹಿತಿಯಲ್ಲ. ಶಾಂಕ್ಸಿ ಪ್ರಾಂತ್ಯದ ಒಂದು ಸಣ್ಣ ಊರಿನ ವಿದ್ಯುತ್ ಸ್ಥಾವರದಲ್ಲಿ ಕಂಪ್ಯೂಟರ್ ಎಂಜಿನಿಯರ್ ಆಗಿದ್ದುಕೊಂಡೇ ಬರೆದವರು. ಕಾದಂಬರಿ 2006ರಲ್ಲಿ ಒಂದು ವಿಜ್ಞಾನಕಥಾ ಮಾಸಿಕದಲ್ಲಿ ಧಾರಾವಾಹಿಯಾಗಿ ಬಂತು, 2008ರಲ್ಲಿ ಪುಸ್ತಕವಾಯಿತು. ಅದೇ ವರ್ಷ ಎರಡನೆಯ ಭಾಗ ‘ದ ಡಾರ್ಕ್ ಫಾರೆಸ್ಟ್’, 2010ರಲ್ಲಿ ಮೂರನೆಯದು ‘ಡೆತ್ಸ್ ಎಂಡ್’ ಹೊರಬಂದವು. ಇಲ್ಲಿ ಹೇಳಹೊರಟಿರುವುದು ಮೊದಲ ಭಾಗವನ್ನು ಓದಿದವರ ಬಗ್ಗೆ ಮಾತ್ರ. ಒಂದೇ ಕಾದಂಬರಿ ಓದಿ ಜನ ಇಷ್ಟು ಬೇರೆಬೇರೆ ಮಾತಾಡಿದ್ದೇಕೆ ಎಂಬುದು ನಮ್ಮ ಪ್ರಶ್ನೆ. (ಓದುವ ಆಸೆಯಿದ್ದವರಿಗೆ ಎಚ್ಚರಿಕೆ: ಕಥೆಯ ಕೆಲವು ಗುಟ್ಟುಗಳು ಮುಂದೆ ಬಯಲಾಗುತ್ತವೆ.)

ಉತ್ತರದ ಒಂದು ಭಾಗ ಬಹಳ ಸರಳವಾಗಿದೆ. ಅವರೆಲ್ಲ ಓದಿದ ಮೊದಲ ಪುಟ ಒಂದೇ ಆಗಿರಲಿಲ್ಲ.

ಇಂಗ್ಲಿಷಿನಲ್ಲಿ ಓದುವವರಿಗೆ ಕಥೆ ಶುರುವಾಗುವುದು 1967ರಲ್ಲಿ, ಚೀನಾದ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ. ಯೆ ಝೆತಾಯ್ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರನ್ನು ಜನಸ್ತೋಮದ ಮುಂದೆ ವೇದಿಕೆಯ ಮೇಲೆ ನಿಲ್ಲಿಸಿದ್ದಾರೆ. ಸಾಪೇಕ್ಷತಾ ಸಿದ್ಧಾಂತವನ್ನು ಪಾಠ ಮಾಡಿದ್ದೂ ಅವರ ಅಪರಾಧಗಳಲ್ಲಿ ಒಂದು. ಅವರ ವಿರುದ್ಧ ಸಾಕ್ಷಿ ಹೇಳುವವಳು ಸ್ವಂತ ಹೆಂಡತಿ. ಬೆಲ್ಟಿನಿಂದ ಹೊಡೆದು ಕೊಲ್ಲುವವರು ನಾಲ್ವರು ಶಾಲಾ ಹುಡುಗಿಯರು. ಗುಂಪಿನಲ್ಲಿ ನಿಂತು ಇದನ್ನೆಲ್ಲ ನೋಡುತ್ತಿರುವವಳು ಅವರ ಮಗಳು ಯೆ ವೆನ್‌ಜಿಯೆ.

ಚೀನೀ ಧಾರಾವಾಹಿಯಲ್ಲೂ ಈ ಭಾಗ ಮೊದಲಿಗೇ ಇತ್ತು. ಪುಸ್ತಕ ಮಾಡುವಾಗ, ಅಧಿಕಾರಿಗಳ ಕಣ್ಣು ಕೆಂಪಾದೀತೆಂಬ ಅಂಜಿಕೆಯಿಂದ, ಅದನ್ನು ನಡುವಿಗೆ ಸರಿಸಿದರು. ಹಾಗಾಗಿ 2008ರ ಪುಸ್ತಕ ಕೊಂಡವರ ಕೈಗೆ ಬಂದದ್ದು ಒಂದು ಪತ್ತೇದಾರಿ ಕಥೆ. ವಿಜ್ಞಾನಿಗಳು ಒಬ್ಬರ ಹಿಂದೊಬ್ಬರು ಆತ್ಮಹತ್ಯೆ ಮಾಡಿಕೊಳ್ಳುತ್ತಿದ್ದಾರೆ. ವಾಂಗ್ ಮಿಯಾವೊ ಎಂಬ ಸಂಶೋಧಕನ ಕಣ್ಣೆದುರು ಅಂಕಿಗಳು ಮೂಡಿ ಒಂದೊಂದೇ ಇಳಿಯುತ್ತಿವೆ. ಹೀಗೆ ಹೊರಟವರ ಕುತೂಹಲವೆಲ್ಲ ‘ಇದರ ಹಿಂದೆ ಯಾರಿದ್ದಾರೆ’ ಎಂಬುದರ ಮೇಲೆ. 2014ರಲ್ಲಿ ಇಂಗ್ಲಿಷಿಗೆ ತಂದ ಕೆನ್ ಲಿಯು, ಲೇಖಕರ ಒಪ್ಪಿಗೆ ಪಡೆದು, ಆ ಭಾಗವನ್ನು ಮತ್ತೆ ಆರಂಭಕ್ಕೆ ತಂದರು. ಅದನ್ನೋದಿದವರ ಪ್ರಶ್ನೆ ಮೊದಲಿನಿಂದಲೇ ಬೇರೆ: ‘ಈ ಹುಡುಗಿ ಮುಂದೆ ಏನು ಮಾಡುತ್ತಾಳೆ?’

ಅವಳು ಮಾಡಿದ್ದು ಇಷ್ಟು. ಒಂದು ಗುಪ್ತ ರೇಡಿಯೊ ಕೇಂದ್ರದಲ್ಲಿ ಕೆಲಸಕ್ಕಿದ್ದಾಗ ಯಾರಿಗೂ ತಿಳಿಯದಂತೆ ಆಕಾಶಕ್ಕೆ ಸಂದೇಶ ಕಳಿಸುತ್ತಾಳೆ. ಎಂಟು ವರ್ಷದ ನಂತರ ಉತ್ತರ ಬರುತ್ತದೆ. ನಾಲ್ಕು ಜ್ಯೋತಿರ್ವರ್ಷ ದೂರ, ಹೋಗಲು ನಾಲ್ಕು ವರ್ಷ, ಬರಲು ನಾಲ್ಕು; ಲೆಕ್ಕ ಸರಿಯಾಗಿದೆ. ಆ ಕಡೆಯ ಒಂದು ಜೀವಿ, ದಯವಿಟ್ಟು ಮತ್ತೆ ಮಾತಾಡಬೇಡ, ಮಾತಾಡಿದರೆ ನಮ್ಮವರು ನಿಮ್ಮ ಲೋಕವನ್ನು ಗೆಲ್ಲಲು ಬರುತ್ತಾರೆ ಎಂದು ಎಚ್ಚರಿಸಿರುತ್ತದೆ. ಅವಳು ಎಲ್ಲ ತಿಳಿದೂ ಉತ್ತರ ಕೊಡುತ್ತಾಳೆ, ಬನ್ನಿ ಎನ್ನುತ್ತಾಳೆ.

ಓದುಗರು ಇಬ್ಭಾಗವಾಗುವುದು ಇಲ್ಲೇ. ಇಡೀ ಮನುಕುಲವನ್ನು ಒಬ್ಬಳೇ ಹೇಗೆ ಮಾರಿಬಿಟ್ಟಳು ಎಂದು ಸಿಟ್ಟಾಗುವವರಿದ್ದಾರೆ. ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ ಎನ್ನುವವರೂ ಇದ್ದಾರೆ. ತಂದೆಯ ಕೊಲೆಯನ್ನು ಮೊದಲ ಪುಟಗಳಲ್ಲೇ ಕಂಡವರಿಗೆ ಅವಳು ಪರಿಚಯವಾಗುವುದು ಅಪ್ಪನನ್ನು ಕಳೆದುಕೊಂಡ ಮಗಳಾಗಿ. ಪತ್ತೇದಾರಿ ದಾರಿಯಲ್ಲಿ ಬಂದವರು ಕಾಣುವುದು ನಿವೃತ್ತಿಯಾದ ಒಬ್ಬ ಶಾಂತ ಸ್ವಭಾವದ ಮುದುಕಿಯನ್ನು. ಅವಳ ಹಳೆಯ ಕಥೆ ಅವರಿಗೆ ತಡವಾಗಿ ತಿಳಿಯುತ್ತದೆ. ಪುಟಗಳ ಸ್ಥಳ ಬದಲಾದರೆ ನಮ್ಮ ತೀರ್ಪೂ ಜಾರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ನನ್ನ ಮಟ್ಟಿಗೆ ಮೊದಲ ದೃಶ್ಯಕ್ಕಿಂತ ಭಾರವಾದ ದೃಶ್ಯ ಇನ್ನೊಂದಿದೆ. ವರ್ಷಗಳ ನಂತರ ಯೆ ವೆನ್‌ಜಿಯೆ ತಂದೆಯನ್ನು ಕೊಂದ ಆ ಹುಡುಗಿಯರನ್ನು ಭೇಟಿಗೆ ಕರೆಯುತ್ತಾಳೆ. ಒಬ್ಬಳು ಸತ್ತಿದ್ದಾಳೆ, ಮೂವರು ಬರುತ್ತಾರೆ. ಬದುಕಿನಿಂದ ಜರ್ಜರಿತರಾದ ಹೆಂಗಸರು. ಅವರಿಂದ ಒಂದು ಪಶ್ಚಾತ್ತಾಪದ ಮಾತು ಬಂದರೆ ಸಾಕೆಂದು ಅವಳು ಕಾಯುತ್ತಾಳೆ. ಅವರು, ನಾವೂ ಕಷ್ಟಪಟ್ಟಿದ್ದೇವೆ, ನಮ್ಮನ್ನು ಯಾರು ಕೇಳಿದರು ಎಂದು ಹೇಳಿ ಹೊರಟುಹೋಗುತ್ತಾರೆ. ಶಿಕ್ಷಕರೂ ವಿದ್ಯಾರ್ಥಿಗಳೂ ಒಟ್ಟಿಗೆ ಓದುವ ನಮ್ಮ ಪತ್ರಿಕೆಯಲ್ಲಿ ಈ ದೃಶ್ಯವನ್ನು ಹೆಸರಿಸದೆ ಮುಂದೆ ಹೋಗಲು ಮನಸ್ಸಾಗಲಿಲ್ಲ. ಹೊಡೆದವರ ವಯಸ್ಸು ನಿಮ್ಮ ವಯಸ್ಸಿಗಿಂತಲೂ ಸ್ವಲ್ಪ ಕಡಿಮೆ.

ಮೆಚ್ಚಿದವರಲ್ಲಿ ಹೆಸರಾಂತರು ಅನೇಕರು. ಅಮೆರಿಕದ ಅಧ್ಯಕ್ಷರಾಗಿದ್ದ ಬರಾಕ್ ಒಬಾಮ, ಈ ಕಥೆಯ ವಿಸ್ತಾರದ ಮುಂದೆ ಸಂಸತ್ತಿನೊಂದಿಗಿನ ತಮ್ಮ ದಿನನಿತ್ಯದ ಜಗಳ ತೀರಾ ಸಣ್ಣದಾಗಿ ಕಂಡಿತು ಎಂಬರ್ಥದ ಮಾತಾಡಿದ್ದರು. 2015ರಲ್ಲಿ ಹ್ಯೂಗೊ ಪ್ರಶಸ್ತಿ ಬಂತು. ಅನುವಾದಿತ ಕಾದಂಬರಿಯೊಂದಕ್ಕೆ ಆ ವಿಭಾಗದಲ್ಲಿ ಬಂದ ಮೊದಲ ಗೌರವ ಅದು. ಅದರಲ್ಲೂ ಒಂದು ತಮಾಷೆಯಿದೆ. ಅಂತಿಮ ಪಟ್ಟಿಯಲ್ಲಿ ಈ ಪುಸ್ತಕ ಮೊದಲು ಇರಲೇ ಇಲ್ಲ. ಮಾರ್ಕೊ ಕ್ಲೂಸ್ ಎಂಬ ಲೇಖಕರು ತಮ್ಮ ಪುಸ್ತಕವನ್ನು ಹಿಂತೆಗೆದುಕೊಂಡ ಮೇಲೆ ತೆರವಾದ ಜಾಗಕ್ಕೆ ಬಂದು, ಕೊನೆಗೆ ಅದೇ ಗೆದ್ದಿತು.

ಮೆಚ್ಚದವರ ದೂರುಗಳಲ್ಲಿ ಮೊದಲನೆಯದು, ಪಾತ್ರಗಳಿಗೆ ಜೀವವಿಲ್ಲ ಎಂಬುದು. ವಾಂಗ್ ಮಿಯಾವೊನ ಮಟ್ಟಿಗೆ ಇದು ನಿಜ. ಅವನಿಗೆ ಹೆಂಡತಿ ಮಗು ಇದ್ದಾರೆಂಬುದನ್ನು ಅವನೇ ಮರೆತಂತೆ ತಿರುಗುತ್ತಾನೆ. ಒರಟು ಪೊಲೀಸ್ ಅಧಿಕಾರಿ ಶಿ ಚಿಯಾಂಗ್ ಬಂದಾಗಲೆಲ್ಲ ಪುಟಗಳಿಗೆ ಉಸಿರು ಬರುತ್ತದೆ ಎಂದು ಆ ದೂರು ಹೇಳುವವರೇ ಒಪ್ಪುತ್ತಾರೆ.

ಇನ್ನೊಂದು ದೂರು ವಿಜ್ಞಾನ ಬಲ್ಲವರದು. ಎರಡು ಕಣಗಳ ಕ್ವಾಂಟಮ್ ಹೆಣಿಗೆಯನ್ನು ಬಳಸಿ ಬೆಳಕಿಗಿಂತ ವೇಗವಾಗಿ ಸುದ್ದಿ ಕಳಿಸಬಹುದೆಂದು ಕಾದಂಬರಿ ಹೇಳುತ್ತದೆ. ಭೌತಶಾಸ್ತ್ರ ಅದನ್ನು ಒಪ್ಪುವುದಿಲ್ಲ. ಕಥೆಯ ಮೂರು ಸೂರ್ಯರ ಲೋಕಕ್ಕೆ ಆಧಾರವಾದ ಆಲ್ಫಾ ಸೆಂಟಾರಿ ಕೂಡ ನಿಜದಲ್ಲಿ ಅಷ್ಟು ಹುಚ್ಚಾಟದ್ದಲ್ಲ. ಅಲ್ಲಿ ಎರಡು ನಕ್ಷತ್ರಗಳು ಸುಮಾರು 80 ವರ್ಷಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. ಮೂರನೆಯದಾದ ಪ್ರಾಕ್ಸಿಮಾ ಬಹಳ ದೂರದಲ್ಲಿ ಸುಮ್ಮನಿದೆ. ದ್ವಿತೀಯ ಪಿಯುಸಿಯವರು ಇಂಥ ತಪ್ಪುಗಳನ್ನು ಹುಡುಕುತ್ತ ಓದಿದರೂ ನಷ್ಟವಿಲ್ಲ. ಆದರೆ ತಪ್ಪು ಸಿಕ್ಕ ಕೂಡಲೇ ಪುಸ್ತಕ ಮುಚ್ಚುವುದು ಬೇಡ. ಲೇಖಕರು ಮೂರು ಸೂರ್ಯರನ್ನು ತಂದಿರುವುದು ಬೇರೆ ಕೆಲಸಕ್ಕೆ.

ಅದು ಏನೆಂದು ನಮ್ಮ ಸೀಮೆಯವರಿಗೆ ಬೇಗ ಅರ್ಥವಾಗಬೇಕು. ಆ ಲೋಕದಲ್ಲಿ ಸ್ಥಿರ ಯುಗ, ಅಸ್ಥಿರ ಯುಗ ಎಂದು ಎರಡು ಕಾಲ. ಯಾವುದು ಯಾವಾಗ ಬರುತ್ತದೆಂದು ಯಾರೂ ಬಲ್ಲವರಿಲ್ಲ. ಅಸ್ಥಿರ ಯುಗದಲ್ಲಿ ಜನ ಮೈಯ ನೀರನ್ನೆಲ್ಲ ಬಿಟ್ಟು ಒಣಗಿ, ಚರ್ಮದ ಸುರುಳಿಯಂತಾಗಿ ಉಗ್ರಾಣದಲ್ಲಿ ಮಲಗುತ್ತಾರೆ. ಒಳ್ಳೆಯ ಕಾಲ ಬಂದಾಗ ನೀರಿನಲ್ಲಿ ನೆನೆಸಿದರೆ ಮತ್ತೆ ಎದ್ದೇಳುತ್ತಾರೆ. ಬೇರೆಡೆಯ ಓದುಗರಿಗೆ ಇದು ವಿಚಿತ್ರ ಕಲ್ಪನೆ. ಶಿರಾ, ಪಾವಗಡ, ಮಧುಗಿರಿಯ ಬಯಲಲ್ಲಿ ಶೇಂಗಾ ಬೀಜವನ್ನು ಮನೆಯೊಳಗಿಟ್ಟು ಮಳೆಗಾಗಿ ಮುಗಿಲು ನೋಡುವ ಮನೆಯಿಂದ ಬಂದ ಹುಡುಗ ಅಥವಾ ಹುಡುಗಿಗೆ ಇದು ಅಷ್ಟು ವಿಚಿತ್ರವಲ್ಲ. ನೀವು ಆ ಪುಟಗಳ ಬಗ್ಗೆ ಬರೆದರೆ ಬೀಜಿಂಗ್‌ನವರಾಗಲಿ ನ್ಯೂಯಾರ್ಕ್‌ನವರಾಗಲಿ ಬರೆಯದ ಒಂದು ಮಾತು ಅದರಲ್ಲಿರುತ್ತದೆ.

ಕನ್ನಡದಲ್ಲೇ ಪರೀಕ್ಷಿಸಬೇಕೆಂದರೆ ತೇಜಸ್ವಿಯವರ ‘ಕರ್ವಾಲೊ’ (1980) ತೆಗೆದುಕೊಳ್ಳಿ. ಜೇನು, ಮಂದಣ್ಣ, ಪ್ಯಾರ, ಕಿವಿ ಎಂಬ ನಾಯಿ, ಊರಿನ ತಂಟೆ ತಕರಾರು ಇವೆಲ್ಲ ಮೊದಲು. ಹಾರುವ ಓತಿಯ ಹುಡುಕಾಟ ಆಮೇಲೆ. ಓತಿಯನ್ನೇ ಮೊದಲ ಪುಟಕ್ಕೆ ತಂದರೆ ಅದು ಬರೀ ಸಾಹಸಕಥೆಯಾಗಿಬಿಡುತ್ತಿತ್ತು, ಮಂದಣ್ಣನ ಮೇಲೆ ನಮಗಿರುವ ಸಲಿಗೆ ಹುಟ್ಟುತ್ತಿರಲಿಲ್ಲ ಎಂದು ನನ್ನ ಅನಿಸಿಕೆ.

ತೆರೆಗೆ ಬಂದಾಗಲೂ ಮೊದಲ ಪುಟದ ಜಗಳ ನಿಲ್ಲಲಿಲ್ಲ. 2023ರ ಚೀನೀ ಧಾರಾವಾಹಿ ಆ ಹತ್ಯೆಯ ದೃಶ್ಯವನ್ನು ಬಹುತೇಕ ಬಿಟ್ಟುಬಿಟ್ಟಿತು. 2024ರ ನೆಟ್‌ಫ್ಲಿಕ್ಸ್ ಸರಣಿ ಅದರಿಂದಲೇ ಶುರುವಾಯಿತು. ನಮ್ಮ ದೇಶದ ಮುಖಕ್ಕೆ ಮಸಿ ಬಳಿದಿದ್ದಾರೆ ಎಂದು ಚೀನಾದ ಕೆಲವು ಪ್ರೇಕ್ಷಕರು ಸಿಟ್ಟಾದರು. ಬರೆದವರು ನಮ್ಮವರೇ ಅಲ್ಲವೆ ಎಂದು ಅಲ್ಲಿಯವರೇ ಕೆಲವರು ತಿರುಗಿ ಕೇಳಿದರು.

ಇನ್ನೊಂದು ಸಂಗತಿ. ಮೊದಲೆರಡು ಭಾಗಗಳನ್ನು ಲಿಯು ಆದಷ್ಟು ಇಂದಿನ ಲೋಕಕ್ಕೆ ಹತ್ತಿರವಿಟ್ಟಿದ್ದರು, ಸಾಮಾನ್ಯ ಓದುಗರೂ ಬರಲಿ ಎಂದು. ಮೂರನೆಯದು ಹೊರಗಿನವರಿಗೆ ಹಿಡಿಸಲಾರದು ಎಂದುಕೊಂಡು, ಅಪ್ಪಟ ವಿಜ್ಞಾನಕಥಾ ಪ್ರಿಯರಿಗಾಗಿಯೇ ಮನಸಾರೆ ಬರೆದರು. ಆದದ್ದು ತದ್ವಿರುದ್ಧ. ಆ ಮೂರನೆಯ ಭಾಗವೇ ಇಡೀ ಸರಣಿಯನ್ನು ಜನಪ್ರಿಯ ಮಾಡಿತು.

ನಮ್ಮಲ್ಲಿ ಮನೆಮಾತು ಉರ್ದು, ಊರ ಮಾತು ಕನ್ನಡ, ಪಠ್ಯದ ಮಾತು ಇಂಗ್ಲಿಷ್ ಆಗಿರುವವರು ಬಹಳ ಮಂದಿ. ಪ್ರತಿಕ್ರಿಯೆ ಬರೆಯಿರಿ ಎಂದರೆ ಮೂರೂ ಬಿಟ್ಟು, ‘ಕಾದಂಬರಿ ಚೆನ್ನಾಗಿದೆ, ಎಲ್ಲರೂ ಓದಬೇಕು’ ಎಂಬ ನಾಲ್ಕನೆಯ ಭಾಷೆಯಲ್ಲಿ ಬರೆಯುತ್ತಾರೆ! ಈ ಸಲ ಹಾಗೆ ಬೇಡ. ‘ತ್ರೀ ಬಾಡಿ ಪ್ರಾಬ್ಲಮ್’ ಆಗಲಿ ‘ಕರ್ವಾಲೊ’ ಆಗಲಿ, ಐವತ್ತು ಪುಟವಾದಾಗ ಅರ್ಧ ಹಾಳೆ ಬರೆದಿಡಿ, ಮುಗಿಸಿದ ಮೇಲೆ ಇನ್ನರ್ಧ. ಮನಸ್ಸು ಬದಲಾಗಿದ್ದರೆ ಯಾವ ಪುಟದಲ್ಲಿ ಬದಲಾಯಿತೆಂದು ಪುಟಸಂಖ್ಯೆ ಸಮೇತ ಬರೆಯಿರಿ. ಮೂರರಲ್ಲಿ ಯಾವ ಭಾಷೆಯಲ್ಲಾದರೂ ಸರಿ. ಯೆ ವೆನ್‌ಜಿಯೆ ಮಾಡಿದ್ದು ಸರಿಯೇ ತಪ್ಪೇ ಎಂದು ವಾದಿಸುವವರಿಗೆ ಮಾತ್ರ ಅರ್ಧ ಹಾಳೆ ಸಾಲದು, ಪೂರ್ತಿ ಹಾಳೆ ತೆಗೆದುಕೊಳ್ಳಬಹುದು.