ಉರಿಯೂತದಲ್ಲಿ ಕಾವಲು ತಪ್ಪುವ ಕೋಶಗಳು

ರೋಗನಿರೋಧಕ ಶಕ್ತಿ ಹೆಚ್ಚಿದಷ್ಟೂ ಒಳಿತು ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಬೇರೂರಿರುತ್ತದೆ. ಅದನ್ನು ತಿದ್ದಲು ಹೊಸೂರು, ಕೃಷ್ಣಗಿರಿ ಭಾಗದ ಶಿಕ್ಷಕರು ‘ಉರಿಯೂತ’ ಎಂಬ ಪದದಿಂದಲೇ ಪಾಠವನ್ನು ಆರಂಭಿಸಬಹುದು. ಉರಿ, ಊತಗಳೆರಡೂ ಸೇರಿದ ಪದವಿದು. ತಮಿಳಿನ ‘ಅಳರ್ಚಿ’ಯಲ್ಲಿಯೂ ಬೆಂಕಿಯೇ ಇದೆ, ಎರಡೂ ನುಡಿ ಬಲ್ಲ ಗಡಿನಾಡಿನ ಮಕ್ಕಳಿಗೆ ಇದೊಂದು ಅನುಕೂಲ.

ಈ ಉರಿಯು ದೇಹವನ್ನೇ ಸುಡದಂತೆ ತಡೆಯುವವು ನಿಯಂತ್ರಕ ಟಿ ಕೋಶಗಳು. ಜಪಾನಿನ ಶಿಮೋನ್ ಸಕಾಗುಚಿ 1995ರಲ್ಲಿ ಇವನ್ನು ಗುರುತಿಸಿದರು. ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಅವರೊಡನೆ 2025ರ ನೊಬೆಲ್ ಪ್ರಶಸ್ತಿ ಪಡೆದರು. ಈ ಕೋಶಗಳ ಗುಣವನ್ನು ಕಾಯುವುದು ಫಾಕ್ಸ್‌ಪಿ3 ಎಂಬ ಪ್ರೋಟೀನು. ಅದರ ಜೀನಿನ ಒಂದು ಭಾಗದಲ್ಲಿ ಮೀಥೈಲ್ ಗುಂಪುಗಳಿಲ್ಲದಿರುವುದರಿಂದ ಆ ಜೀನು ಸದಾ ಸಕ್ರಿಯವಾಗಿರುತ್ತದೆ. ಉರಿಯೂತ ತೀವ್ರವಾಗಿ ಇಂಟರ್‌ಲ್ಯೂಕಿನ್-6 ಹೆಚ್ಚಿದಾಗ ಅಲ್ಲಿ ಮೀಥೈಲ್ ಗುಂಪುಗಳು ಸೇರಿಕೊಳ್ಳಬಹುದು, ಫಾಕ್ಸ್‌ಪಿ3 ಕುಗ್ಗುತ್ತದೆ. ಆಗ ಕೆಲವು ಕೋಶಗಳು ತಡೆಯುವ ಕಾರ್ಯವನ್ನು ಬಿಟ್ಟು, ಉರಿಯೂತವನ್ನು ಹೆಚ್ಚಿಸುವ ರಾಸಾಯನಿಕಗಳನ್ನು ತಾವೇ ಸ್ರವಿಸತೊಡಗುತ್ತವೆ. ಎಲ್ಲವೂ ಹೀಗಾಗುತ್ತವೆಂದು ಬೋಧಿಸಬಾರದು. ಬಹುಪಾಲು ಸ್ಥಿರವಾಗಿಯೇ ಉಳಿಯುವುದನ್ನು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ.

ತರಗತಿಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವ ಮಗುವಿದ್ದರೆ ಮಾತಿನಲ್ಲಿ ಎಚ್ಚರ ಬೇಕು. ಮೊದಲ ಬಗೆಯ ಮಧುಮೇಹದಲ್ಲಿ ನಿರೋಧಕ ವ್ಯವಸ್ಥೆಯೇ ಮೇದೋಜೀರಕದ ಬೀಟಾ ಕೋಶಗಳನ್ನು ನಾಶಮಾಡುತ್ತದೆ. ಆ ಮಗುವಿಗೆ ‘ಶಕ್ತಿ ಸಾಲದು’ ಎನ್ನುವುದು ತಪ್ಪು. ಸಿಹಿ ತಿಂದು ರೋಗ ತಂದುಕೊಂಡಿತೆನ್ನುವುದೂ ತಪ್ಪು.